ಸಾಲಿನ ತುದಿಯ ನೋವು

ನಿಡಘಟ್ಟದಲ್ಲಿ ಒಬ್ಬರ ಆರೋಗ್ಯ ತಿಳಿಯಬೇಕಾದರೆ ಯಾರೂ ನಾಡಿ ಹಿಡಿಯುವುದಿಲ್ಲ, ಎಷ್ಟು ಮುದ್ದೆ ಉಂಡರು ಎಂದು ಕೇಳುತ್ತಾರೆ. ಎರಡು ಉಂಡವನು ಗಟ್ಟಿ ಆಳು. ಒಂದು ಉಂಡವನಿಗೆ ಮನೆಯಲ್ಲಿ ಏನೋ ಯೋಚನೆ ಇದೆ. ಅರ್ಧಕ್ಕೇ ಕೈ ತೊಳೆದವನನ್ನು ಮದ್ದೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಹೊಂಬಾಳಮ್ಮ ಎರಡು ವರ್ಷದಿಂದ ಕಾಲು ಮುದ್ದೆಗೆ ಇಳಿದಿದ್ದಳು, ಹಾಗಾಗಿ ಅವಳ ವಿಷಯದಲ್ಲಿ ಊರಿನ ಲೆಕ್ಕವೇ ತಪ್ಪಿಹೋಗಿತ್ತು.

ಆ ಕಾಲು ಮುದ್ದೆಯೂ ಸುಮ್ಮನೆ ಇಳಿಯುತ್ತಿರಲಿಲ್ಲ. ಉಂಡು ಅರ್ಧ ಗಂಟೆ ಆಗುವುದೇ ತಡ, ಎದೆಗೂಡಿನ ಕೆಳಗೆ, ಹೊಟ್ಟೆಯ ನಟ್ಟನಡುವೆ ಯಾರೋ ಒಳಗಿಂದ ಹಗ್ಗ ಹಾಕಿ ಬಿಗಿದಂತೆ ನೋವು. ಮಂಡಿಗಳನ್ನು ಎದೆಗೆ ಅವಚಿಕೊಂಡು ಮುಂದಕ್ಕೆ ಬಾಗಿ ಕೂತರೆ ಒಂದಿಷ್ಟು ಸಡಿಲ. ಐವತ್ತಾರು ಕೆಜಿ ಇದ್ದವಳು ಮೂವತ್ತೊಂಬತ್ತಕ್ಕೆ ಬಂದಿದ್ದಳು. ಕೈ ಎತ್ತಿದರೆ ಬಳೆಗಳು ಮೊಣಕೈಗೆ ಜಾರುತ್ತಿದ್ದವು, ಇಳಿಸಿದರೆ ನೆಲಕ್ಕೆ ಬೀಳುತ್ತಿದ್ದವು. ಹಸಿವು ಮಾತ್ರ ಎಲ್ಲಿಗೂ ಹೋಗಿರಲಿಲ್ಲ. ಹೊಟ್ಟೆ ಹಸಿದು ಕೂಗುತ್ತಿರುವಾಗಲೇ ತಟ್ಟೆ ಕಂಡು ಹೆದರುವುದು ಎಂಥ ಶಿಕ್ಷೆ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು. ಹೀಗೇ ಮುಂದುವರಿದರೆ ಇನ್ನೊಂದು ಯುಗಾದಿ ಕಾಣುವುದಿಲ್ಲ ಎಂದೂ ಅವಳಿಗೆ ಗೊತ್ತಿತ್ತು.

ಗಂಡ ಚಿಕ್ಕಮಾದು ಕೆಟ್ಟವನಲ್ಲ, ರೇಷ್ಮೆ ಹುಳು ಸಾಕುವವನು. ಮನೆಯ ಪಕ್ಕದ ಹುಳುಮನೆಯಲ್ಲಿ ನಲವತ್ತು ಸಾವಿರ ಹುಳುಗಳಿಗೆ ಹೊತ್ತುಹೊತ್ತಿಗೆ ಸೊಪ್ಪು ಹಾಕಿ, ಅವು ಕರಕರ ತಿನ್ನುವ ಸದ್ದು ಕೇಳಿ ಸಂತೋಷಪಡುವವನು. ತಿನ್ನುವುದೇ ಬದುಕು ಎಂದು ನಂಬಿದ ಮನುಷ್ಯನಿಗೆ ಹೆಂಡತಿ ತಟ್ಟೆ ಸರಿಸುವುದು ಹಟದಂತೆ ಕಾಣುತ್ತಿತ್ತು.

"ಉಣ್ದೆ ಇದ್ರೆ ನೋವು ಬರ್ದೆ ಇನ್ನೇನ್ ಬತ್ತದೆ?" ಎನ್ನುತ್ತಿದ್ದ.

"ಉಂಡ್ರೇ ಬರಾದು," ಎನ್ನುತ್ತಿದ್ದಳು ಅವಳು.

ಈ ಮಾತು ಎರಡು ವರ್ಷದಲ್ಲಿ ಎಷ್ಟು ಸಲ ಆಡಿದ್ದರೋ, ಹುಳುಗಳಿಗೂ ಬಾಯಿಪಾಠವಾಗಿರಬೇಕು.

ತೋರಿಸದ ಜಾಗ ಉಳಿದಿರಲಿಲ್ಲ. ಮದ್ದೂರಿನ ಮೊದಲನೆಯ ಡಾಕ್ಟರು ಅವಳು ಸ್ಟೂಲಿನ ಮೇಲೆ ಕೂರುವ ಮೊದಲೇ ಗ್ಯಾಸ್ಟ್ರಿಕ್ ಎಂದು ಬರೆದರು. ಎರಡನೆಯವರು ಅದೇ ಮಾತ್ರೆಯನ್ನು ಬೇರೆ ಬಣ್ಣದಲ್ಲಿ ಕೊಟ್ಟರು. ಊರಿನ ಕರಿಯಯ್ಯ ಹೊಕ್ಕಳು ಜಾರಿದೆ ಎಂದು ಹರಳೆಣ್ಣೆ ಹಚ್ಚಿ ಹೊಟ್ಟೆ ತಿಕ್ಕಿದ, ಆ ದಿನ ಅವಳು ನಿಜಕ್ಕೂ ಸತ್ತೇ ಹೋಗುತ್ತೇನೆ ಅಂದುಕೊಂಡಳು. ಬಾಯಿಂದ ಪೈಪು ಇಳಿಸಿ ನೋಡಿದವರು ಹೊಟ್ಟೆ ಕನ್ನಡಿಯ ಹಾಗಿದೆ ಎಂದರು. ಮೂರು ಕಡೆ ಸ್ಕ್ಯಾನ್ ಆಯಿತು. ಮೂರೂ ಕಡೆ ಅದೇ ತಣ್ಣನೆಯ ಅಂಟು, ಅದೇ ಮಾತು: ಖಾಲಿ ಹೊಟ್ಟೆಯಲ್ಲಿ ಬನ್ನಿ, ಉಸಿರು ಎಳ್ಕೊಳ್ಳಿ, ಹಾಗೇ ಹಿಡ್ಕೊಳ್ಳಿ. ಮೂರು ಕಡೆಯೂ ನಾರ್ಮಲ್ ಎಂದೇ ಬರೆದುಕೊಟ್ಟರು.

ನಾರ್ಮಲ್ ಎಂಬ ಮಾತು ಕೇಳಿ ಜನ ಸಂತೋಷಪಡುತ್ತಾರೆ. ಹೊಂಬಾಳಮ್ಮನಿಗೆ ಮಾತ್ರ ಆ ಮಾತು ಬೈಗುಳದಂತೆ ಕೇಳತೊಡಗಿತ್ತು. ಎಲ್ಲ ನಾರ್ಮಲ್ ಆದ ಮೇಲೆ ಉಳಿಯುವುದೇನು? ಅವಳು ಸುಳ್ಳು ಹೇಳುತ್ತಿದ್ದಾಳೆ ಎಂಬುದೊಂದೇ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅದರ ಬದಲು ಟೆನ್ಷನ್ ಅಂದರು, ವಯಸ್ಸಿನ ಕಾಟ ಅಂದರು, ಕೊನೆಗೆ ಮಂಡ್ಯದ ಮನೋವೈದ್ಯರ ಹತ್ತಿರ ಕಳಿಸಿದರು.

ತಮಾಷೆ ಏನೆಂದರೆ, ಅವಳನ್ನು ಮೊದಲು ನಂಬಿದವರು ಆ ಮನೋವೈದ್ಯರೇ. ಬಿಳಿ ಮೀಸೆಯ ಹಿರಿಯರು. ಪೂರ್ತಿ ಒಂದು ಗಂಟೆ ಎದುರಿಗೆ ಕೂರಿಸಿಕೊಂಡು ಕೇಳಿದರು.

"ಊಟ ಮಾಡಬೇಕು ಅನ್ನಿಸುತ್ತೇನಮ್ಮ?"

"ಆಸೆ ಆಯ್ತದೆ ಬುದ್ದಿ. ಕನಸ್ನಲ್ಲೂ ಮುದ್ದೆ ಉಣ್ತೀನಿ. ಉಂಡ್‌ಮ್ಯಾಕೆ ಬರಾದಕ್ಕೆ ಎದ್ರಿಕೆ."

ಅವರು ಪೆನ್ನು ಕೆಳಗಿಟ್ಟರು. "ನಿಮ್ಮ ತಲೆ ನನ್ನ ತಲೆಗಿಂತ ನೆಟ್ಟಗಿದೆ. ಹೊಟ್ಟೆಯನ್ನೇ ಯಾರೂ ಸರಿಯಾಗಿ ನೋಡಿಲ್ಲ," ಎಂದು ಹೇಳಿ, ಅದೇ ಬೀದಿಯ ಸ್ಕ್ಯಾನಿಂಗ್ ಸೆಂಟರಿಗೆ ಹೊಸದಾಗಿ ಬಂದಿದ್ದ ಡಾಕ್ಟರ್ ಅರುಂಧತಿಯವರಿಗೆ ಒಂದು ಚೀಟಿ ಬರೆದುಕೊಟ್ಟರು.

ಹೊಂಬಾಳಮ್ಮ ಆ ಚೀಟಿಯನ್ನು ತಂದು ಸೀರೆಗಳ ಕೆಳಗೆ ಇಟ್ಟಳು. ನಾಲ್ಕನೆಯ ನಾರ್ಮಲ್ ಕೇಳುವ ಶಕ್ತಿ ಅವಳಲ್ಲಿ ಇರಲಿಲ್ಲ.

ಅವಳಿಗೆ ಉಳಿದಿದ್ದ ಒಂದೇ ಸುಖ ಹಾಡು. ಮೂವತ್ತು ವರ್ಷದಿಂದ ಪಟ್ಟಲಮ್ಮನ ಸೋಬಾನೆ ಮೇಳದಲ್ಲಿ ಹಾಡುತ್ತಿದ್ದಳು. ಸುತ್ತಿನ ಹಳ್ಳಿಗಳಲ್ಲಿ ಅರಿಶಿಣ ಹಚ್ಚುವುದಿರಲಿ, ಹಸೆಗೆ ಕರೆಯುವುದಿರಲಿ, ಈ ಐದು ಹೆಂಗಸರು ಬಂದು ಹಾಡಿದರೇ ಶಾಸ್ತ್ರ ಮುಗಿದಂತೆ. ಮುಂದಾಳು ಒಬ್ಬಳು ಸಾಲು ಎತ್ತುತ್ತಾಳೆ, ಉಳಿದ ನಾಲ್ವರು ಅದನ್ನೇ ಮತ್ತೆ ಹಾಡುತ್ತಾರೆ. ಎಪ್ಪತ್ತು ದಾಟಿದ ಪಟ್ಟಲಮ್ಮನ ಮೇಳದಲ್ಲಿ ಒಂದು ಕಟ್ಟುನಿಟ್ಟು ಇತ್ತು: ಸಾಲು ಎತ್ತಿದವಳು ಅದನ್ನು ಒಂದೇ ಉಸಿರಿಗೆ ತುದಿ ಮುಟ್ಟಿಸಬೇಕು, ತುದಿ ಮುಟ್ಟಿದ ಮೇಲೂ ಹಿಂದಿನವರು ಎತ್ತಿಕೊಳ್ಳುವವರೆಗೆ ಖಾಲಿ ಎದೆಯಲ್ಲೇ ನಿಲ್ಲಬೇಕು, ನಡುವೆ ಗಾಳಿ ಎಳೆಯಬಾರದು. ಹಸೆಯ ಮೇಲೆ ಹುಡುಗಿ ಕೂತಿರುವಾಗ ಸಾಲು ತುಂಡಾದರೆ ಅವಳ ಸಂಸಾರಕ್ಕೆ ಒಳ್ಳೆಯದಲ್ಲ ಎಂದು ಮುದುಕಿಯ ನಂಬಿಕೆ. ಅಷ್ಟುದ್ದ ಉಸಿರು ಇದ್ದದ್ದು ಹೊಂಬಾಳಮ್ಮ ಒಬ್ಬಳಿಗೇ, ಹಾಗಾಗಿ ಮುಂದಾಳು ಅವಳೇ.

ಮದ್ದೂರಿನ ಛತ್ರವೊಂದರಲ್ಲಿ ಆ ಸಾಲು ತುಂಡಾಯಿತು. ಬೆಳಿಗ್ಗೆ ಬಲವಂತಕ್ಕೆ ಎರಡು ಇಡ್ಲಿ ತಿಂದಿದ್ದಳು. ಹುಡುಗಿಯನ್ನು ಹಸೆಗೆ ಕರೆತಂದರು, ಇವಳು ಸಾಲು ಎತ್ತಿದಳು, ಅರ್ಧಕ್ಕಿಂತ ಮುಂದೆ ಹೋಗುತ್ತಿದ್ದಂತೆ ಹೊಟ್ಟೆಯೊಳಗಿನ ಹಗ್ಗ ಬಿಗಿಯಿತು. ಸಾಲು ಅಲ್ಲೇ ಕಡಿಯಿತು. ಛತ್ರದಲ್ಲಿದ್ದ ಅಷ್ಟೂ ಜನ ತಿರುಗಿ ನೋಡಿದರು. ಪಟ್ಟಲಮ್ಮ ಕಣ್ಣು ಮಿಟುಕಿಸುವಷ್ಟರಲ್ಲಿ ಸಾಲನ್ನು ಹಿಡಿದುಕೊಂಡು ಮುಗಿಸಿದಳು, ಆಮೇಲಿನ ಹಾಡನ್ನೆಲ್ಲ ತಾನೇ ಎತ್ತಿದಳು. ಹೊಂಬಾಳಮ್ಮ ಹಿಂದಿನ ಸಾಲಿನಲ್ಲಿ ನಿಂತು ಬಾಯಿ ಮಾತ್ರ ಆಡಿಸಿದಳು. ಅವಮಾನಕ್ಕೆ ಅವಳ ಕಿವಿಗಳು ಸುಡುತ್ತಿದ್ದವು.

ಹೊರಗೆ ಬಂದ ಮೇಲೆ ಪಟ್ಟಲಮ್ಮ ಅವಳನ್ನು ಛತ್ರದ ಪಕ್ಕದ ಬೇವಿನ ಮರದ ಕೆಳಗೆ ಕೂರಿಸಿದಳು. ಬೈಯುತ್ತಾಳೆ ಎಂದು ಇವಳು ತಲೆ ತಗ್ಗಿಸಿದಳು.

"ನಿನ್ ಮುಖನೇ ನೋಡ್ತಿದ್ದೆ ಕಣಮ್ಮಿ," ಎಂದಳು ಪಟ್ಟಲಮ್ಮ. "ಇವತ್ತಲ್ಲ, ಆರು ತಿಂಗ್ಳಿಂದ. ಉಸ್ರು ಎಳ್ಕಂಡಾಗ ಸರೀಗಿರ್ತೀಯ. ಸಾಲು ತುದೀಗ್ ಬತ್ತಿದ್ದಂಗೆ ಉಣಸೆಕಾಯಿ ಕಚ್ದೋಳಂಗೆ ಮುಖ ಕಿವುಚ್ತೀಯ. ಮತ್ ಎಳ್ಕಂಡ್ರೆ ಸರೀಗಾಯ್ತೀಯ. ಅದ್ಯಾವ ಗ್ಯಾಸು ಸಾಲ್ನ ತುದೀಗೆ ಕಾಯ್ಕಂಡ್ ಕೂತಿರ್ತದೆ?"

ಹೊಂಬಾಳಮ್ಮ ತಲೆ ಎತ್ತಿದಳು. ಎರಡು ವರ್ಷದಲ್ಲಿ ಯಾವ ಡಾಕ್ಟರೂ ಅವಳ ಮುಖವನ್ನು ಇಷ್ಟು ಹೊತ್ತು ನೋಡಿರಲಿಲ್ಲ.

ಮಾರನೆಯ ದಿನ ಕಾಲು ಮುದ್ದೆ ಉಂಡು ಹುಳುಮನೆಯ ಬಾಗಿಲಲ್ಲಿ ಕೂತಳು. ಹುಳುಗಳು ಮೂರನೆಯ ಜ್ವರಕ್ಕೆ ಕೂತಿದ್ದವು. ಜ್ವರ ಎಂದರೆ ಕಾಯಿಲೆಯಲ್ಲ, ಹಳೆಯ ಚರ್ಮ ಕಳಚುವ ಮೊದಲು ಹುಳು ಸೊಪ್ಪು ಬಿಟ್ಟು ತಲೆ ಎತ್ತಿ ಅಲ್ಲಾಡದೆ ನಿಲ್ಲುವುದು. ಹಾಗಾಗಿ ಮನೆಯೆಲ್ಲ ನಿಶ್ಶಬ್ದವಾಗಿತ್ತು. ನೋವು ಬಂತು. ಅವಳು ಉಸಿರನ್ನು ತುಂಬ ಎಳೆದು ಹಿಡಿದಳು, ಹಗ್ಗ ಸಡಿಲಾಯಿತು. ಪೂರ್ತಿ ಬಿಟ್ಟು ಖಾಲಿ ಎದೆಯಲ್ಲೇ ಉಳಿದಳು, ಹಗ್ಗ ಬಿಗಿಯಿತು. ಮತ್ತೆ ಎಳೆದಳು, ಮತ್ತೆ ಬಿಟ್ಟಳು. ಹತ್ತು ಸಲ ಮಾಡಿದರೆ ಹತ್ತೂ ಸಲ ಹಾಗೇ. ನಾಲ್ಕು ದಿನ ಪರೀಕ್ಷೆ ಮಾಡಿದಳು, ಒಂದು ದಿನವೂ ತಪ್ಪಲಿಲ್ಲ. ನಾಲ್ಕನೆಯ ದಿನ ಆ ಮೂರು ಸ್ಕ್ಯಾನು ನೆನಪಾದವು. ಎಳ್ಕೊಳ್ಳಿ, ಹಿಡ್ಕೊಳ್ಳಿ. ಎಳೆದುಕೊಂಡು ಹಿಡಿದರೆ ನೋವೇ ಇಲ್ಲ. ಇಲ್ಲದ ಹೊತ್ತಿನಲ್ಲೇ ಮೂರು ಸಲ ಫೋಟೋ ತೆಗೆದು ಇಲ್ಲ ಎಂದು ಬರೆದುಕೊಟ್ಟಿದ್ದರು. ಮೊದಲು ಅವಳಿಗೆ ನಗು ಬಂತು. ಆಮೇಲೆ ಸಿಟ್ಟಿಗೆ ಅಳು ಬಂತು, ಸೆರಗು ಒದ್ದೆಯಾಗುವಷ್ಟು ಅತ್ತಳು. ಅತ್ತು ಎದ್ದು ಸೀರೆಯ ಕೆಳಗಿನ ಚೀಟಿ ತೆಗೆದಳು.

"ಇನ್ನೂ ಒಂದ್ ದಪ ಸ್ಕ್ಯಾನಾ?" ಎಂದ ಚಿಕ್ಕಮಾದು. "ಅವ್ರೂ ನಾರ್ಮಲ್ಲೇ ಅಂತಾರೆ ಬುಡು."

ಹೊಂಬಾಳಮ್ಮ ಅವನ ಎದುರಿಗೆ ನಿಂತಳು. "ನಲ್ವತ್ ಸಾವ್ರ ಉಳದಾಗೆ ಒಂದು ಸೊಪ್ಪು ಬುಡ್ತು ಅಂದ್ರೆ ನಿಂಗ್ ಗೊತ್ತಾಯ್ತದೆ. ಅದ್ಕೆ ಏನಾಯ್ತೋ ಅಂತ ಎದ್ದೆದ್ದು ನೋಡ್ತೀಯ, ಅಟ ಮಾಡ್ತೈತೆ ಅನ್ನಕಿಲ್ಲ. ಮನೇಲಿ ಇರಾಳು ನಾನೊಬ್ಳೇ."

ಆ ಹೊತ್ತು ಚಿಕ್ಕಮಾದುವೂ ಮುದ್ದೆ ಅರ್ಧಕ್ಕೇ ಬಿಟ್ಟ. ಬೆಳಿಗ್ಗೆ ಅವಳು ಏಳುವಷ್ಟರಲ್ಲಿ ಸೊಪ್ಪಿನ ಕೆಲಸವನ್ನು ತಮ್ಮನಿಗೆ ಒಪ್ಪಿಸಿ, ಇಸ್ತ್ರಿ ಅಂಗಿ ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದ. ಇಬ್ಬರೂ ಮದ್ದೂರಿನಲ್ಲಿ ಬಸ್ಸು ಬದಲಿಸಿದರು. ಬಸ್ ಸ್ಟ್ಯಾಂಡಿನಲ್ಲಿ ಅವಳೇ ಕೇಳಿ ಎರಡು ಇಡ್ಲಿ ತಿಂದಳು. ಗೆಜ್ಜಲಗೆರೆ ದಾಟುವಷ್ಟರಲ್ಲಿ ನೋವು ಶುರುವಾಯಿತು. ಜೀವಮಾನದಲ್ಲಿ ಮೊದಲ ಸಲ ಅವಳು ಅದನ್ನು ಬಾ ಎಂದು ಕರೆದಿದ್ದಳು.

ಡಾಕ್ಟರ್ ಅರುಂಧತಿ ಮೂವತ್ತೈದರ ಆಸುಪಾಸಿನವರು, ಮಳವಳ್ಳಿ ಕಡೆಯವರು. ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿದ್ದರು, ಡಾಕ್ಟರ ಮುಖದಲ್ಲಿ ಆ ಅವಸರವೆಲ್ಲ ಕಾಣುತ್ತಿತ್ತು. ಇಡ್ಲಿ ತಿಂದು ಬಂದಿದ್ದೇನೆ ಎಂದಾಗ ಹುಬ್ಬು ಗಂಟಿಕ್ಕಿದರು. ಆದರೂ ಚೀಟಿ ಓದಿ ಮಲಗಿಸಿದರು, ಅಂಟು ಹಚ್ಚಿದರು.

"ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ."

"ಎಳ್ಕಳಕಿಲ್ಲ," ಎಂದಳು ಹೊಂಬಾಳಮ್ಮ.

ಬಾಗಿಲ ಹತ್ತಿರ ನಿಂತಿದ್ದ ಚಿಕ್ಕಮಾದು ಕಣ್ಣು ಮುಚ್ಚಿಕೊಂಡ.

"ಏನಂದ್ರಿ?"

"ತಪ್ ತಿಳ್ಕಬ್ಯಾಡಿ ಡಾಕ್ಟ್ರಮ್ಮ. ಮೂರು ಕಡೆ ಎಳ್ಕಂಡಿವ್ನಿ. ಎಳ್ಕಂಡಾಗ ನಂಗೆ ನೋವಿರಕಿಲ್ಲ, ಬುಟ್ಟಾಗ ಬತ್ತದೆ. ನೋವು ಇಲ್ದಿದ್ದಾಗ ಫೋಟ ಇಡ್ದು ನೋವಿಲ್ಲ ಅಂತೀರಿ. ನಾವು ಗದ್ದೆಗ್ ಓಗಿದ್ದಾಗ ಜನಗಣತಿಯೋರು ಬಂದು, ಈ ಮನೇಲಿ ಯಾರೂ ಇಲ್ಲ ಅಂತ ಬರ್ಕಂಡ್ ಓದಂಗೆ. ನಾನು ಉಸ್ರು ಪೂರಾ ಬುಡ್ತೀನಿ. ಅವಾಗ ಇಡೀರಿ."

ಅರುಂಧತಿಯವರ ಕೈ ಹಾಗೇ ನಿಂತಿತು. ಅವಸರವೆಲ್ಲ ಮುಖದಿಂದ ಇಳಿದುಹೋಯಿತು. "ಯಾರು ಹೇಳಿದ್ರು ನಿಮಗಿದನ್ನ?"

"ಪಟ್ಟಲಕ್ಕ."

"ಅವರು ಯಾವ ಆಸ್ಪತ್ರೆಯವರು?"

"ಆಸ್ಪತ್ರೆ ಅಲ್ಲ ಕಣಮ್ಮ, ಸೋಬಾನೆ ಮೇಳ."

ಡಾಕ್ಟರು ನಗಲಿಲ್ಲ. ಮೊದಲು ಸ್ಟೆತಸ್ಕೋಪನ್ನು ಎದೆಗೂಡಿನ ಕೆಳಗೆ ಇಟ್ಟು, ಬಿಡಿ ಎಂದರು. ಬಹಳ ಹೊತ್ತು ಕೇಳಿಸಿಕೊಂಡರು. ಆಮೇಲೆ ಯಂತ್ರದ ಗುಂಡಿಗಳನ್ನು ಬದಲಿಸಿ, ಪರದೆಯ ಮೇಲೆ ಕೆಂಪು ನೀಲಿ ಬಣ್ಣ ಹರಿಯುವಂತೆ ಮಾಡಿ ಹೇಳಿದರು: "ಪೂರಾ ಬಿಡಿ. ಬಿಟ್ಟು ಹಾಗೇ ಇರಿ. ಎಷ್ಟು ಹೊತ್ತು ಆಗುತ್ತೋ ಅಷ್ಟು. ಬೇರೆಯವರು ಮೂರು ಎಣಿಸೋಕೆ ಮುಂಚೆ ಮತ್ತೆ ಎಳ್ಕೊಂಡುಬಿಡ್ತಾರೆ."

ಬೇರೆಯವರ ಮಾತು ಬೇರೆ. ಹೊಂಬಾಳಮ್ಮ ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಒಂದು ಸಾಲು ಎತ್ತಿ, ಉಸಿರನ್ನು ಕೊನೆಯ ಎಳೆಯವರೆಗೂ ಬಿಟ್ಟಳು. ಹಗ್ಗ ಬಿಗಿಯಿತು. ಅವಳು ಅಲ್ಲಾಡಲಿಲ್ಲ. ಮೂವತ್ತು ವರ್ಷ ಹಸೆಗಳ ಮುಂದೆ ಖಾಲಿ ಎದೆಯಲ್ಲಿ ನಿಂತು ಕಲಿತದ್ದನ್ನೆಲ್ಲ ಆ ಮಂಚದ ಮೇಲೆ ಒಟ್ಟು ಮಾಡಿಕೊಂಡು ತಡೆದಳು. ರಕ್ತ ಹರಿಯುವುದನ್ನು ಕೇಳಿಸುತ್ತಿದ್ದ ಯಂತ್ರದ ಸುಯ್ ಸುಯ್ ಸದ್ದು ಬದಲಾಗಿ ಕೀರಲು ದನಿ ಎದ್ದಿತು. ಡಾಕ್ಟರ ಬೆರಳುಗಳು ಓಡಾಡುತ್ತಿದ್ದವು. ಹತ್ತು ಎಣಿಸಿದರು, ಹದಿನೈದು ಎಣಿಸಿದರು.

"ಸಾಕು, ಎಳ್ಕೊಳ್ಳಿ," ಎಂದಾಗ ಆ ಕೀರಲು ದನಿ ಇಳಿದು ಮತ್ತೆ ಸುಯ್ ಸುಯ್ ಆಯಿತು.

ಮೂರು ಸಲ ಹಾಗೇ ಮಾಡಿಸಿದ ಮೇಲೆ ಅರುಂಧತಿ ಪರದೆಯನ್ನು ಅವಳ ಕಡೆ ತಿರುಗಿಸಿದರು. "ನೋಡಿ. ಎದೆಗೂ ಹೊಟ್ಟೆಗೂ ನಡುವೆ ಉಸಿರಾಡಿಸೋ ಒಂದು ಪರದೆ ಇರುತ್ತೆ. ಅದರ ಅಂಚಲ್ಲಿ ಒಂದು ನಾರಿನ ಪಟ್ಟಿ. ನಿಮ್ಮ ಪಟ್ಟಿ ಸ್ವಲ್ಪ ಕೆಳಗೆ ಕೂತಿದೆ. ನೀವು ಉಸಿರು ಬಿಟ್ಟಾಗ ಅದು ಹೊಟ್ಟೆಗೆ ರಕ್ತ ತರೋ ನಾಳದ ಮೇಲೆ ಒತ್ತಿ ಕೂರುತ್ತೆ, ಎಳ್ಕೊಂಡಾಗ ಬಿಟ್ಟುಬಿಡುತ್ತೆ. ಊಟ ಆದಮೇಲೆ ಹೊಟ್ಟೆಗೆ ರಕ್ತ ಜಾಸ್ತಿ ಬೇಕು, ಅದಕ್ಕೇ ಆವಾಗ ನೋವು. ಅಪರೂಪದ್ದು. ಮೀಡಿಯನ್ ಆರ್ಕ್ಯುಯೇಟ್ ಲಿಗಮೆಂಟ್ ಅಂತಾರೆ. ಕೆಲವರಿಗೆ ಹೀಗಿದ್ದರೂ ನೋವೇ ಇರಲ್ಲ, ಅದಕ್ಕೇ ಇನ್ನೊಂದು ದೊಡ್ಡ ಸ್ಕ್ಯಾನ್ ಮಾಡಿಸಿ ಖಚಿತ ಮಾಡ್ಕೋಬೇಕು. ಅದನ್ನೂ ಉಸಿರು ಬಿಟ್ಟೇ ತೆಗೀಬೇಕು ಅಂತ ನಾನು ಬರೆದುಕೊಡ್ತೀನಿ."

ಚಿಕ್ಕಮಾದು ಬಾಗಿಲಿಂದ ಮುಂದೆ ಬಂದ. "ಅಂಗಾರೆ ಇವ್ಳು ಎರಡ್ ವರ್ಸದಿಂದ ಏಳ್ತಿದ್ದದ್ದು ದಿಟ್ವಾ, ಡಾಕ್ಟ್ರಮ್ಮ?"

"ಅಕ್ಷರ ಅಕ್ಷರವೂ ದಿಟ."

ಹೊಂಬಾಳಮ್ಮ ಎದ್ದು ಕೂತು, ಹೊಟ್ಟೆಯ ಅಂಟನ್ನೂ ಒರೆಸಿಕೊಳ್ಳದೆ ಜೋರಾಗಿ ನಕ್ಕಳು. ತನಗೆ ಕಾಯಿಲೆ ಇದೆ ಎಂದು ಕೇಳಿ ಹಾಗೆ ನಕ್ಕವರನ್ನು ಆ ಕೋಣೆ ಹಿಂದೆ ಕಂಡಿರಲಾರದು. ಹೊರಗಿನ ಬೆಂಚಿನವರು ಆ ನಗು ಕೇಳಿ ಗಂಡು ಮಗುವೋ ಹೆಣ್ಣು ಮಗುವೋ ಎಂದು ಮಾತಾಡಿಕೊಂಡರು. ಚಿಕ್ಕಮಾದು ಮಾತ್ರ ಆಚೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ಅವಳು ಬಂದು ಭುಜ ಮುಟ್ಟಿದಾಗ ಅವನ ಇಸ್ತ್ರಿ ಅಂಗಿಯ ತೋಳು ಒದ್ದೆಯಾಗಿತ್ತು.

"ತೆಪ್ಪಾಯ್ತು ಕಣಮ್ಮಿ," ಎಂದ.

"ನಡಿ, ಬಸ್ ಓಯ್ತದೆ," ಎಂದಳು. ಕ್ಷಮಿಸಿದ್ದಳು, ಆದರೆ ಅಷ್ಟು ಬೇಗ ಹೇಳಲು ಮನಸ್ಸು ಬರಲಿಲ್ಲ.

ದೊಡ್ಡ ಸ್ಕ್ಯಾನಿನಲ್ಲೂ ಅದೇ ಕಂಡಿತು, ಆಪರೇಷನ್ ಬೆಂಗಳೂರಿನಲ್ಲಿ ಆಯಿತು. ಎಲ್ಲರಿಗೂ ಪೂರ್ತಿ ವಾಸಿಯಾಗುವುದಿಲ್ಲ ಎಂದು ಸರ್ಜನ್ ಮೊದಲೇ ಎಚ್ಚರಿಸಿದ್ದರು. ಅವಳು ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟೊತ್ತಲಿಲ್ಲ, ದಪ್ಪ ಅಕ್ಷರದಲ್ಲಿ ರುಜು ಹಾಕಿದಳು. ಹೊಟ್ಟೆಯ ಮೇಲೆ ನಾಲ್ಕು ಸಣ್ಣ ತೂತು ಮಾಡಿ ಆ ನಾರಿನ ಪಟ್ಟಿಯನ್ನು ಕತ್ತರಿಸಿದರು. ಊರಿಗೆ ಬಂದ ಮೊದಲ ವಾರ ಗಂಜಿ. ಆಮೇಲೆ ಮೆತ್ತಗಿನ ಅನ್ನ. ಒಂದು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನಿಂಬೆಹಣ್ಣಿನ ಗಾತ್ರದ ಮುದ್ದೆ ಉಂಡು, ಗೋಡೆಯ ಗಡಿಯಾರ ನೋಡುತ್ತ ಕೂತಳು. ಅರ್ಧ ಗಂಟೆ ಆಯಿತು. ಒಂದು ಗಂಟೆಯೂ ಆಯಿತು. ಚಿಕ್ಕಮಾದು ಹುಳುಮನೆಗೂ ಅಡುಗೆಮನೆಗೂ ಏಳು ಸಲ ಓಡಾಡಿದ.

"ಬಂತಾ?"

"ಇಲ್ಲ."

"ಈಗ?"

"ಬಂದ್ರೆ ನಾನೇ ಕೂಗ್ತೀನಿ, ಓಗಿ ಸೊಪ್ ಆಕು."

ನೋವು ಬರಲಿಲ್ಲ. ನಡುವೆ ಒಂದೆರಡು ಕೆಟ್ಟ ದಿನಗಳೂ ಇದ್ದವು, ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನಿಂಬೆಹಣ್ಣು ಕಿತ್ತಳೆಯಾಯಿತು, ಕಿತ್ತಳೆ ಅರ್ಧ ಮುದ್ದೆಯಾಯಿತು. ಕೊನೆಯ ಜ್ವರದಿಂದ ಎದ್ದ ಹುಳುವಿನ ಹಾಗೆ ತಿನ್ನುತ್ತೀಯ ಎಂದು ಗಂಡ ರೇಗಿಸಿದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಬಳೆಗಳು ಮಣಿಕಟ್ಟಿನಲ್ಲೇ ನಿಲ್ಲತೊಡಗಿದವು.

ಐದು ತಿಂಗಳ ಮೇಲೆ ಮಳವಳ್ಳಿಯಲ್ಲಿ ಪಟ್ಟಲಮ್ಮನ ಮೊಮ್ಮಗಳು ದೀಪಿಕಳ ಮದುವೆ. ಹೊಂಬಾಳಮ್ಮ ಬೆಳಿಗ್ಗೆ ಹೊಟ್ಟೆ ತುಂಬ ತಿಂಡಿ ತಿಂದು, ಹಾಡುವವರ ಹಿಂದಿನ ಸಾಲಿನಲ್ಲಿ ಹೋಗಿ ನಿಂತಳು. ಅಂದು ಸಾಲು ತುಂಡಾದ ಮೇಲೆ ಅವಳು ಮುಂದೆ ನಿಂತಿರಲಿಲ್ಲ. ದೀಪಿಕಳನ್ನು ಹಸೆಗೆ ಕರೆತಂದರು. ಪಟ್ಟಲಮ್ಮ ತಿರುಗಿ, ಅವಳ ಮೊಣಕೈ ಹಿಡಿದು ಮುಂದಕ್ಕೆ ಎಳೆದಳು.

"ಎತ್ತು."

"ಬ್ಯಾಡ ಅಕ್ಕ. ನಿನ್ ಮೊಮ್ಮಗ್ಳು ಮದ್ವೆ. ಇಲ್ಲೂ ತುಂಡಾಗ್ಬುಟ್ರೆ?"

"ನನ್ ಮೊಮ್ಮಗ್ಳು ಮದ್ವೆ ಅಂತ್ಲೇ ಏಳ್ತಿರಾದು. ಎತ್ತು."

ಹೊಂಬಾಳಮ್ಮ ಉಸಿರು ತುಂಬಿಕೊಂಡು ಸಾಲು ಎತ್ತಿದಳು. ದನಿ ಮೊದಲು ಸ್ವಲ್ಪ ನಡುಗಿತು, ಆಮೇಲೆ ನೆಟ್ಟಗಾಯಿತು. ಅರ್ಧ ದಾಟಿತು. ಮದ್ದೂರಿನಲ್ಲಿ ಕಡಿದುಹೋದ ಜಾಗ ಬಂತು, ಅದನ್ನೂ ದಾಟಿತು. ಉಸಿರು ಸಣ್ಣದಾಗುತ್ತ ಹೋಯಿತು, ಸಾಲು ತುದಿ ಮುಟ್ಟಿತು, ಅವಳು ಖಾಲಿ ಎದೆಯಲ್ಲಿ ನಿಂತು ನೋವಿಗಾಗಿ ಕಾದಳು. ಒಳಗೆ ಹಗ್ಗವೂ ಇರಲಿಲ್ಲ, ಗಂಟೂ ಇರಲಿಲ್ಲ. ನಂಬಿಕೆ ಬಾರದೆ ಇನ್ನೂ ಸ್ವಲ್ಪ ಹೊತ್ತು ನಿಂತಳು. ಹಿಂದಿನ ನಾಲ್ವರು ಅವಳನ್ನೇ ನೋಡುವುದರಲ್ಲಿ ಮೈಮರೆತು ಸಾಲು ಎತ್ತಿಕೊಳ್ಳುವುದನ್ನೇ ಬಿಟ್ಟಿದ್ದರು.

"ಎತ್ಕಳ್ರೇ, ಉಡ್ಗಿ ಅಸೆ ಮೇಲೇ ಮುದ್ಕಿ ಆಗ್ಬುಡ್ತಾಳೆ," ಎಂದು ಪಟ್ಟಲಮ್ಮ ಗದರಿದಳು. ಹಾಗೆ ಗದರುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾಲ್ಕು ದನಿ ಒಟ್ಟಿಗೆ ಎದ್ದವು.

ಅವರು ಹಾಡುವಷ್ಟರಲ್ಲಿ ಹೊಂಬಾಳಮ್ಮ ಕುರ್ಚಿಗಳ ಕಡೆ ನೋಡಿದಳು. ಮೂರನೆಯ ಸಾಲಿನಲ್ಲಿ ಚಿಕ್ಕಮಾದು ಕೆನ್ನೆ ಉಬ್ಬಿಸಿ, ಮುಖ ಕೆಂಪಗೆ ಮಾಡಿಕೊಂಡು, ಎರಡು ಕೈಯಲ್ಲೂ ಕುರ್ಚಿ ಹಿಡಿದು ಬಿಗಿಯಾಗಿ ಕೂತಿದ್ದ. ಅವಳು ಸಾಲು ಎತ್ತಿದಾಗ ಎಳೆದುಕೊಂಡ ಉಸಿರನ್ನು ಅವನಿನ್ನೂ ಬಿಟ್ಟಿರಲಿಲ್ಲ. ಬುಡು ಎಂದು ಅವಳು ದೂರದಿಂದಲೇ ಕೈ ಆಡಿಸಿದಳು. ಅವನು ಬಿಟ್ಟ. ಅವಳು ಮುಂದಿನ ಸಾಲು ಎತ್ತಿದಳು.